ಅತ್ತೆಯ ಹದಿನೈದು ಚದರ ಮೀಟರ್

ನನ್ನ ಅತ್ತೆ ಸ್ಪಾಸೆನಿಯಾ ಒಂಬತ್ತು ವರ್ಷ ನನ್ನ ಜೊತೆಗಿದ್ದರೂ ತಮ್ಮ ಸೂಟ್‌ಕೇಸು ಖಾಲಿ ಮಾಡಿರಲಿಲ್ಲ. ಕಂದು ಬಣ್ಣದ ಹಳೇ ಪೆಟ್ಟಿಗೆ, ಒಂದು ಕಡೆ ಬಕಲ್ ಕಿತ್ತುಹೋಗಿ ಹಗ್ಗ ಬಿಗಿದದ್ದು. ನಮ್ಮ ಬಾಡಿಗೆ ಮನೆಯ ಬಾಗಿಲ ಹಿಂದೆ ಅದು ನಿಂತೇ ಇತ್ತು. ಬೇಕಾದ ಬಟ್ಟೆಯನ್ನು ಅದರಿಂದ ತೆಗೆದು ಹಾಕಿಕೊಂಡು, ಒಗೆದು, ಇಸ್ತ್ರಿ ಮಾಡಿ, ಮತ್ತೆ ಅದರೊಳಗೇ ಮಡಚಿಡುತ್ತಿದ್ದರು. ಬೀರುವಿನಲ್ಲಿ ಅವರಿಗೆಂದು ಎರಡು ಖಾನೆ ಬಿಟ್ಟುಕೊಟ್ಟಿದ್ದೆ. ನಾನು ಹಾಸಿದ ಹಳೇ ಪತ್ರಿಕೆ ಬಿಟ್ಟರೆ ಅವುಗಳಲ್ಲಿ ಇನ್ನೇನೂ ಇರಲಿಲ್ಲ.

ಅವರು ಬಂದದ್ದು ಮಗನನ್ನು ಮಣ್ಣು ಮಾಡಲು. ನನ್ನ ಗಂಡ ನೆಗೊಸ್ಲಾವ್ ಬಸ್ ಡ್ರೈವರ್ ಆಗಿದ್ದ. ಒಂದು ಬೆಳಿಗ್ಗೆ ಡಿಪೋದಲ್ಲಿ ಕಾಫಿ ಕುಡಿಯುತ್ತ ಕೂತವನು ಹಾಗೇ ಪಕ್ಕಕ್ಕೆ ವಾಲಿದ, ಅಷ್ಟೇ. ಅತ್ತೆ ಪಿರೋತ್‌ನಿಂದ, ಮಗಳು ದೇಸಾಂಕಾಳ ಮನೆಯಿಂದ ಬಂದರು. ಹಳ್ಳಿಯ ಮನೆ ಮಾವನ ಕಾಯಿಲೆಗೇ ಮಾರಿಹೋಗಿ ಎಷ್ಟೋ ವರ್ಷವಾಗಿತ್ತು. ಮಗಳ ಮನೆಯಲ್ಲಿ ಅವರಿಗೆ ಮಲಗಲು ಊಟದ ಕೋಣೆಯ ಸೋಫಾ, ಅದೂ ಎಲ್ಲರೂ ಟಿವಿ ಆರಿಸಿದ ಮೇಲೆ.

"ನಲವತ್ತನೇ ದಿನದ್ದು ಮುಗಿಸ್ಕೊಂಡು ಹೊರಡ್ತೀನಿ ಕಣೇ ರಾಡುಂಕಾ" ಎಂದರು. ನಲವತ್ತು ಕಳೆಯಿತು. ಆರು ತಿಂಗಳಿನದು ಆಗಲಿ ಎಂದರು. ಆಮೇಲೆ ವರುಷದ್ದು. ಆಮೇಲೆ ಸಮಾಧಿಗೆ ಕಲ್ಲು ನಿಲ್ಲಿಸುವ ತನಕ. ಕಲ್ಲೂ ನಿಂತಿತು. "ಮೆಣಸಿನಕಾಯಿ ಕಾಲ ಒಂದು ಮುಗೀಲಿ. ನಿನ್ನ ಕೈಲಿ ಐವಾರ್ ಆಗೋದು ಅಷ್ಟರಲ್ಲೇ ಇದೆ, ಸೀದ ಚಪ್ಪಲಿ ಥರ ಮಾಡಿಡ್ತೀಯ" ಎಂದರು. ಕೆಂಪು ಮೆಣಸಿನಕಾಯಿ ಸುಟ್ಟು, ಸಿಪ್ಪೆ ತೆಗೆದು, ರುಬ್ಬಿ, ಆ ಚಟ್ನಿಯನ್ನು ಬಾಟಲಿಗೆ ತುಂಬುವುದರಲ್ಲಿ ಅವರನ್ನು ಮೀರಿಸುವವರಿಲ್ಲ, ಅದು ನಿಜ. ಆದರೆ ಮೆಣಸಿನಕಾಯಿ ಕಾಲ ಪ್ರತಿ ವರ್ಷ ಬರುತ್ತಿತ್ತಲ್ಲ. ಇದ್ದುಬಿಡಲು ಅವರಿಗೆ ಯಾವಾಗಲೂ ಒಂದು ಕಾರಣ ಬೇಕಿತ್ತು. ನಾನೂ 'ಇರಿ' ಎಂದು ಬಾಯಿಬಿಟ್ಟು ಹೇಳಿದವಳಲ್ಲ. ನನ್ನ ಬಾಯಿ ಜಗಳಕ್ಕಾದರೆ ಚುರುಕು, ಇಂಥ ಮಾತಿಗೆ ಬೀಗ ಬೀಳುತ್ತದೆ.

ನಮಗೆ ಮಕ್ಕಳಿರಲಿಲ್ಲ. ನನ್ನ ಕಡೆಯವರೂ ಯಾರೂ ಉಳಿದಿರಲಿಲ್ಲ. ನಮ್ಮ ನಿಶ್ ಊರಿನ ಬಸ್ ನಿಲ್ದಾಣದಲ್ಲಿ ಗಾಜಿನ ಹಿಂದೆ ಕೂತು ದಿನವಿಡೀ ಊರು ಬಿಟ್ಟು ಹೋಗುವವರಿಗೆ ಟಿಕೆಟ್ ಕೊಡುವುದು ನನ್ನ ಕೆಲಸ. ಸಂಜೆ ಮನೆಗೆ ಬಂದರೆ ಬಯ್ಯಲು ಒಬ್ಬರು ಇರುತ್ತಿದ್ದರು. ಅದು ಎಷ್ಟು ದೊಡ್ಡ ಭಾಗ್ಯ ಎಂದು ಆಗ ಯಾರಾದರೂ ಹೇಳಿದ್ದರೆ ಅವರಿಗೂ ಬಯ್ಯುತ್ತಿದ್ದೆ.

ನಮ್ಮ ಮನೆತನದ ಸಂತ ಜಾರ್ಜ್. ನವೆಂಬರ್ ನಡುವೆ ಅವನ ದಿನ. ಆ ಹಬ್ಬಕ್ಕೆ ಯಾರನ್ನೂ ಕರೆಯುವ ಹಾಗಿಲ್ಲ. ನೆನಪಿದ್ದವರು ತಾವಾಗಿ ಬರಬೇಕು, ಬಂದವರು ಕೂತು ಉಣ್ಣಬೇಕು, ಮನೆಯವರು ಮಾತ್ರ ಹಬ್ಬದ ದೀಪ ಆರುವ ತನಕ ಕೂರಬಾರದು. ಎಂಬತ್ತು ದಾಟಿದ ಅತ್ತೆ ಊದಿದ ಕಾಲಿನಲ್ಲಿ ಕುರ್ಚಿಯ ಬೆನ್ನು ಹಿಡಿದು ನಿಂತೇ ಇರುತ್ತಿದ್ದರು. "ಒಂದು ಗಳಿಗೆ ಕೂತ್ಕೊಳ್ಳಿ ಅತ್ತೇ" ಎಂದರೆ ಕಣ್ಣು ಕೆಂಪಗೆ ಮಾಡುವರು. "ಕೂತ್ಕೊಳ್ಳೋಕೆ ನಾನೇನು ನೆಂಟಳೇನೇ?"

ಅಪ್ಪ ಬಿಟ್ಟುಹೋದ ದ್ರಾಕ್ಷಿ ತೋಟ ಮಾರಿದೆ, ಮೇಲೆ ಬ್ಯಾಂಕಿನ ಸಾಲ ಮಾಡಿದೆ, ಐವತ್ತೇಳನೇ ವಯಸ್ಸಿಗೆ ದುರ್ಲಾನ್ ಬಡಾವಣೆ ಕಡೆ ಕಟ್ಟುತ್ತಿದ್ದ ಹೊಸ ಕಟ್ಟಡದಲ್ಲಿ ಮನೆ ಗೊತ್ತುಮಾಡಿದೆ. ಹೊಸ ಮನೆಯ ಬೆಲೆಯೊಳಗೇ ವ್ಯಾಟ್ ಸೇರಿರುತ್ತದೆ. ಮೊದಲ ಸಲ ಮನೆ ಕೊಳ್ಳುವವರಿಗೆ ಸರ್ಕಾರ ಆ ತೆರಿಗೆಯನ್ನು ವಾಪಸ್ ಕೊಡುತ್ತದೆ. ಕೊಂಡವರ ಲೆಕ್ಕಕ್ಕೆ ನಲವತ್ತು ಚದರ ಮೀಟರಿನದು, ಅವರ ಕುಟುಂಬದಲ್ಲಿ ಜೊತೆಗೆ ವಾಸವಾಗಿರುವ ಒಬ್ಬೊಬ್ಬರ ಲೆಕ್ಕಕ್ಕೆ ಇನ್ನೂ ಹದಿನೈದರದು. ಅಪ್ಪ, ಅಮ್ಮ, ಮಕ್ಕಳು, ಗಂಡನ ಅಪ್ಪ ಅಮ್ಮ ಎಲ್ಲರೂ ಸೇರುತ್ತಾರೆ ಎಂದು ನಿಲ್ದಾಣದಲ್ಲಿ ಎಲ್ಲರೂ ಹೇಳಿದರು. ನಲವತ್ತರ ಒಂದೇ ಕೋಣೆಯ ಮನೆಯೂ ಇತ್ತು, ಐವತ್ತೈದರ ಎರಡು ಕೋಣೆಯದೂ ಇತ್ತು. ನಾನು ಐವತ್ತೈದರದ್ದು ಹಿಡಿದೆ.

"ಅತ್ತೇ, ನಿಮ್ಮ ಹೆಸರಲ್ಲಿ ಹದಿನೈದು ಚದರ ಮೀಟರ್ ತೆರಿಗೆ ವಾಪಸ್ ಬರುತ್ತೆ" ಎಂದೆ.

"ನನ್ನಿಂದಾನಾ? ನಾನೇನು ಮಾಡ್ಬೇಕು?"

"ಏನೂ ಬೇಡ. ನನ್ನ ಮನೇಲಿ ಉಸಿರಾಡ್ಕೊಂಡಿದ್ರೆ ಸಾಕು."

"ಉಸಿರಾಡಿದ್ದಕ್ಕೂ ದುಡ್ಡು ಕೊಡ್ತಾರಾ ಈ ಕಳ್ಳನನ್ಮಕ್ಕಳು!" ಎಂದು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. ಅಷ್ಟು ಖುಷಿಯನ್ನು ನಾನು ಅವರ ಮುಖದಲ್ಲಿ ಯಾವತ್ತೂ ಕಂಡಿರಲಿಲ್ಲ.

ಹೊಸ ಮನೆಗೆ ಹೋದ ಮೊದಲ ಸಂಜೆ ಪಾತ್ರೆಗಳನ್ನು ಬಿಚ್ಚುತ್ತ ಕೂತಿದ್ದೆ. ಅತ್ತೆಯ ಕೋಣೆಯಿಂದ ಬೀರು ಕಿರುಗುಟ್ಟುವ ಸದ್ದು ಕೇಳಿತು. ಇಣುಕಿ ನೋಡಿದರೆ ಮುದುಕಿ ಸೂಟ್‌ಕೇಸು ಮಂಚದ ಮೇಲೆ ತೆರೆದಿಟ್ಟು ಒಂದೊಂದೇ ಬಟ್ಟೆಯನ್ನು ಖಾನೆಯಲ್ಲಿ ಜೋಡಿಸುತ್ತಿದ್ದಾರೆ. ನಾನು ಸದ್ದಿಲ್ಲದೆ ಅಡಿಗೆಮನೆಗೆ ವಾಪಸಾಗಿ, ಈರುಳ್ಳಿಯೂ ಇಲ್ಲದೆ ಕಣ್ಣೀರು ಹಾಕಿದೆ.

ಮರುದಿನ ಹೊಲಿಗೆಯ ಟೇಪೂ ನೀಲಿ ಸೀಮೆಸುಣ್ಣವೂ ಹಿಡಿದು ಹೊರಟರು. ಅವರ ಕೋಣೆ ಹನ್ನೊಂದು ಮೀಟರ್ ಚಿಲ್ಲರೆ ಬಂತು. "ಇನ್ನು ನಾಲ್ಕು ಎಲ್ಲಿ?" ಎಂದು ನನ್ನನ್ನೇ ಕೇಳಿ, ಬಾಗಿಲು ದಾಟಿ ಅಡಿಗೆಮನೆಯೊಳಗೆ ಅಳೆಯುತ್ತ ಬಂದು, ಒಲೆಯ ಪಕ್ಕ ಒಂದು ಗೆರೆ ಎಳೆದರು. ಕಿಟಕಿ ಗೆರೆಯ ಆ ಕಡೆ, ಅಂದರೆ ಅವರ ಕಡೆ ಬಿತ್ತು.

"ಇಲ್ಲೀ ತನಕ ನಂದು. ಈಚೆ ನಿಂದು. ಕಾಫಿ ಬೇಕಾದ್ರೆ ಕೇಳಿ ಒಳಗೆ ಬಾ."

"ಒಲೆ ನನ್ನ ಕಡೆ ಇದೆ ಅತ್ತೇ. ಊಟ ಬೇಕಾದ್ರೆ ನೀವೂ ಕೇಳ್ಬೇಕಾಗುತ್ತೆ."

ಹೀಗೆ ಒಂದು ಬೇಸಿಗೆ ಕಳೆಯಿತು. ನೆಲ ಒರೆಸುವಾಗ ನಾನು ಆ ಗೆರೆಯನ್ನು ಬಿಟ್ಟು ಒರೆಸುತ್ತಿದ್ದೆ.

ತೆರಿಗೆ ಕಚೇರಿಯಿಂದ ಕರೆ ಬಂದದ್ದು ಆಗಸ್ಟಿನಲ್ಲಿ. ಗಾಜಿನ ಆಚೆ ಒಬ್ಬಳು ಹುಡುಗಿ, ಒಳ್ಳೆಯವಳೇ, ಮೆತ್ತಗೆ ಮಾತಾಡುವವಳು. ಕಾಗದಗಳನ್ನು ತಿರುವಿ ಅತ್ತೆಯ ಹೆಸರಿನ ಮೇಲೆ ಬೆರಳಿಟ್ಟಳು.

"ಇವರು ನಿಮಗೇನಾಗ್ಬೇಕು ಮೇಡಂ?"

"ಅತ್ತೆ. ಗಂಡನ ತಾಯಿ."

"ನಿಮ್ಮ ಯಜಮಾನರು..."

"ತೀರಿಹೋಗಿ ಒಂಬತ್ತು ವರ್ಷ ಆಯ್ತು. ಅಲ್ಲೇ ಇದೆಯಲ್ಲ, ಮರಣ ಪತ್ರ ಕೊಟ್ಟಿದೀನಿ."

ಅವಳ ಮುಖ ಸಣ್ಣಗಾಯಿತು. "ಯಜಮಾನರು ಇದ್ದಿದ್ರೆ ಅವರ ತಾಯಿ ಲೆಕ್ಕಕ್ಕೆ ಬರ್ತಿದ್ರು. ಈಗ ನೀವು ಯಾರ ಹೆಂಡತಿಯೂ ಅಲ್ಲ. ಅಂದ್ಮೇಲೆ ಇವರು..." ಮುಂದೆ ಹೇಳಲು ಅವಳಿಗೇ ಕಷ್ಟವಾಯಿತು. "ನಿಮ್ಮ ನಲವತ್ತರದು ಬರುತ್ತೆ. ಇವರದು ಬರಲ್ಲ. ಕಾನೂನಿನ ಪ್ರಕಾರ ಇವರು ನಿಮಗೆ ಯಾರೂ ಅಲ್ಲ."

"ಯಾರೂ ಅಲ್ವಾ? ಬೆಳಿಗ್ಗೆ ಎದ್ದರೆ ನನ್ನ ತಲೆ ತಿನ್ನೋರು ಮತ್ಯಾರು, ನಿಮ್ಮ ಮಂತ್ರಿಗಳಾ?" ಎಂದು ರೇಗಿದೆ. ಸಾಲಿನಲ್ಲಿದ್ದವರು ನಕ್ಕರು. ಆ ಹುಡುಗಿ ನಗಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಸಂಕಟವಾಯಿತು. ದಿನವೂ ಗಾಜಿನ ಹಿಂದೆ ಕೂತು 'ಇಲ್ಲ' ಎನ್ನುವವಳು ನಾನು. ಬಸ್ಸಿಲ್ಲ ಎಂದರೆ ಇಲ್ಲ, ಎಷ್ಟು ಕಿರುಚಿದರೂ ಬರುವುದಿಲ್ಲ ಎಂದು ನನಗೆ ಗೊತ್ತಿರದೆ ಏನು.

ದುಡ್ಡಿನ ಯೋಚನೆ ನನಗೆ ಆಗ ಬರಲೇ ಇಲ್ಲ. ಭಾನುವಾರದ ಪಾಳಿಯನ್ನೂ ಹಿಡಿದರೆ ಅದು ಹೇಗೋ ತುಂಬುತ್ತದೆ. ಮನೆಗೆ ನಡೆಯುವ ದಾರಿಯುದ್ದಕ್ಕೂ ನನ್ನ ಕಣ್ಣೆದುರಿಗಿದ್ದದ್ದು ಆ ಸೂಟ್‌ಕೇಸು. ಈಗ ಅದು ಬೀರುವಿನ ತಲೆಯ ಮೇಲೆ ಖಾಲಿ ಕೂತಿತ್ತು. ಈ ಸುದ್ದಿ ತಿಳಿದರೆ ಕೆಳಗಿಳಿದೇ ಇಳಿಯುತ್ತದೆ.

"ಆಯ್ತಾ?" ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು.

"ಆಯ್ತು."

"ನನ್ನ ಹದಿನೈದೂ?"

"ನಿಮ್ಮ ಹದಿನೈದೂ."

ತಕ್ಷಣ ಪಿರೋತ್‌ಗೆ ಫೋನು ಹೋಯಿತು. "ಕೇಳಿಸ್ಕೊಂಡ್ಯೇನೇ ದೇಸಾಂಕಾ? ನಾನೇನೂ ಇಲ್ಲಿ ಪುಕ್ಕಟೆ ಕೂತು ತಿಂತಿಲ್ಲ. ಈ ಮನೇಲಿ ಹದಿನೈದು ಮೀಟರು ನನ್ನಿಂದ ಬಂದಿರೋದು!" ನಾನು ಒಳಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿದೆ.

ಸೆಪ್ಟೆಂಬರ್ ಬಂತು. ಸಂತೆಯಿಂದ ಎರಡು ಚೀಲ ಮೆಣಸಿನಕಾಯಿ ಹೊತ್ತು ತಂದೆ. ಹಳೇ ಮನೆಯಲ್ಲಾದರೆ ಅಂಗಳದಲ್ಲಿ ತಗಡಿನ ಒಲೆ ಹಚ್ಚಿ ಸುಡುತ್ತಿದ್ದೆವು. ಇಲ್ಲಿ ಅಂಗಳವೆಲ್ಲಿದೆ, ಮೂರನೇ ಮಹಡಿ. ಅಡಿಗೆಮನೆಯಲ್ಲೇ ಸುಡುತ್ತ ನಿಂತೆ. ಹೊಗೆ ಮುಖಕ್ಕೆ ಹೊಡೆದು ಕಣ್ಣು ಬಿಡಲಾಗದೆ ಕಿಟಕಿ ತೆರೆದೆ. ಅತ್ತೆ ಬಂದು ಮುಚ್ಚಿದರು. ನಮ್ಮ ಜನಕ್ಕೆ ಹೊಗೆಯಿಂದ ಯಾರೂ ಸತ್ತಿದ್ದು ಗೊತ್ತಿಲ್ಲ, ಕಿಟಕಿ ಬಾಗಿಲ ನಡುವೆ ಬೀಸುವ ಗಾಳಿಯ ಸೆಳೆತಕ್ಕೆ ಮಾತ್ರ ಊರಿಗೆ ಊರೇ ಸಾಯುತ್ತದೆ ಎಂಬ ನಂಬಿಕೆ. ಮತ್ತೆ ತೆರೆದೆ. ಮತ್ತೆ ಮುಚ್ಚಿದರು.

"ಉಸಿರು ಕಟ್ತಿದೆ ಅತ್ತೇ, ಬಿಡಿ."

"ಬೆನ್ನಿಗೆ ಗಾಳಿ ಹೊಡೆದ್ರೆ ನಾಳೆ ನನ್ನ ಎತ್ತಿ ಕೂರಿಸೋರು ಯಾರು? ಇದು ನನ್ನ ಕಡೆಯ ಕಿಟಕಿ. ನಾನು ಹೇಳಿದಾಗ ತೆಗೀಬೇಕು." ಕಾಲಿನಿಂದ ಆ ನೀಲಿ ಗೆರೆ ತೋರಿಸಿದರು.

ಬೆಳಿಗ್ಗೆಯಿಂದ ನಿಂತ ಕಾಲು, ಉರಿಯುವ ಕಣ್ಣು, ಹೆಚ್ಚಿನ ಪಾಳಿಯ ಸುಸ್ತು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುವುದು. "ಯಾವ ಕಡೆ? ಯಾರ ಕಡೆ? ನಿಮ್ಮ ಹದಿನೈದೂ ಇಲ್ಲ, ಮಣ್ಣೂ ಇಲ್ಲ! ಒಂದು ಮೀಟರೂ ಕೊಡಲಿಲ್ಲ ಅವರು! ನೀವು ನನಗೆ ಯಾರೂ ಅಲ್ವಂತೆ!"

ಹೇಳಿಯಾದ ಮೇಲೆ ನಾಲಿಗೆ ಕಚ್ಚಿಕೊಂಡೆ. ಒಲೆಯ ಮೇಲೆ ಮೆಣಸಿನಕಾಯಿ ಸಿಡಿಯುತ್ತಿತ್ತು. ಅತ್ತೆ ಕಿಟಕಿಯ ಹಿಡಿಯ ಮೇಲಿಂದ ಕೈ ತೆಗೆದರು, ತಾವೇ ಕಿಟಕಿಯನ್ನು ಅಗಲವಾಗಿ ತೆರೆದರು. ಆಮೇಲೆ ಕೂತು ಎರಡು ಚೀಲ ಮೆಣಸಿನಕಾಯಿಯನ್ನೂ ಸುಲಿದು ಮುಗಿಸಿದರು. ಅವರು ಬಯ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಮಾರನೆಯ ದಿನ ಹತ್ತು ಗಂಟೆಯ ಹೊತ್ತಿಗೆ ನನ್ನ ಟಿಕೆಟ್ ಕಿಟಕಿಯ ಮುಂದಿನ ಸಾಲಿನಲ್ಲಿ ಕಂದು ಸೂಟ್‌ಕೇಸು ಕಂಡಿತು. ಅತ್ತೆ ಒಳ್ಳೇ ಕೋಟು ತೊಟ್ಟು, ತಲೆಗೆ ಬಟ್ಟೆ ಕಟ್ಟಿ, ಸರದಿ ಬಿಡದೆ ನಿಂತಿದ್ದರು. ಬೇರೆ ಕಿಟಕಿ ಇದ್ದವು. ಆದರೆ ಕೊನೆಗೂ ನನ್ನ ಮುಂದೆಯೇ ಬಂದು ನಿಂತರು.

"ಪಿರೋತ್‌ಗೆ ಒಂದು ಕೊಡಿ" ಎಂದರು. ನನಗೆ ಬಹುವಚನ.

"ಪಿರೋತ್‌ಗೆ ಬಸ್ಸಿಲ್ಲ."

"ಹತ್ತೂವರೆಗೆ ಇದೆ. ಮೇಲೆ ಬರೆದಿದೆ."

"ಕೆಟ್ಟುಹೋಗಿದೆ."

ಹಿಂದೆ ಕೋಳಿಮರಿಗಳ ಪೆಟ್ಟಿಗೆ ಹಿಡಿದವನೊಬ್ಬ ಬಾಯಿ ಹಾಕಿದ. "ಏನಮ್ಮಾ ಇದು, ಈಗಷ್ಟೇ ಅಲ್ಲಿ ಬಂದು ನಿಂತಿದೆಯಲ್ಲ! ಪಾಪ, ವಯಸ್ಸಾದವರನ್ನ ಯಾಕೆ ಆಟ ಆಡಿಸ್ತೀರಿ? ಆಕೆ ನಿಮಗೇನಾಗ್ಬೇಕು, ಅಷ್ಟು ದ್ವೇಷ?"

ಆಗ ಹೇಳಬೇಕಿತ್ತು. ಗಾಜಿಗೆ ಬಾಯಿಟ್ಟು, ಸಾಲಿನವರೆಲ್ಲ ಕೇಳುವ ಹಾಗೆ, 'ಹೋಗಬೇಡಿ, ನಾನೊಬ್ಬಳೇ ಆಗಿಬಿಡ್ತೀನಿ' ಎನ್ನಬೇಕಿತ್ತು. ಬಾಯಿಗೆ ಅದೇ ಬೀಗ. ಅತ್ತೆ ಕರವಸ್ತ್ರದ ಗಂಟು ಬಿಚ್ಚಿ ದಿನಾರ್ ನೋಟುಗಳನ್ನು ಗಾಜಿನ ಕೆಳಗೆ ತಳ್ಳಿದರು. ನಾನು ಟಿಕೆಟ್ ಒತ್ತಿ ಕೊಟ್ಟೆ.

ಅವರು ಅದನ್ನು ಕಣ್ಣಿನಿಂದ ದೂರ ಹಿಡಿದು ಓದಿದರು. "ಹೋಗಿ ಬರೋದು ಕೊಟ್ಟಿದೀರಿ. ನಾನು ಕೇಳಿದ್ದು ಹೋಗೋದು ಮಾತ್ರ."

"ಅಷ್ಟೇ ದುಡ್ಡು, ತಗೊಳ್ಳಿ." ಸುಳ್ಳು. ಮಿಕ್ಕದ್ದು ನನ್ನ ಪರ್ಸಿನಿಂದ ಹಾಕಿದ್ದೆ.

"ಎಲ್ಲೀ ತನಕ ನಡೆಯುತ್ತೆ ಇದು?"

"ಸಂತ ಜಾರ್ಜರ ದಿನದ ತನಕ ನಡೆಯುತ್ತೆ" ಎಂದೆ. ಅದಕ್ಕಿಂತ ಹೆಚ್ಚು ಹೇಳುವ ಹಾಗಿರಲಿಲ್ಲ. ಆ ಹಬ್ಬಕ್ಕೆ ಯಾರನ್ನೂ ಕರೆಯುವ ಹಾಗಿಲ್ಲವಲ್ಲ.

ಟಿಕೆಟನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದರು. ಕೋಳಿಮರಿಯವನು ಅವರ ಸೂಟ್‌ಕೇಸು ಎತ್ತಿಕೊಟ್ಟ. ನನ್ನ ಕಿಟಕಿಯಿಂದ ಪ್ಲಾಟ್‌ಫಾರಂ ಕಾಣುವುದಿಲ್ಲ, ಬಸ್ಸು ಹೊರಟ ಸದ್ದು ಮಾತ್ರ ಕೇಳುತ್ತದೆ.

ನಲವತ್ತು ಮೀಟರಿನ ದುಡ್ಡು ಅಕ್ಟೋಬರಿನಲ್ಲಿ ಖಾತೆಗೆ ಬಂತು. ಬ್ಯಾಂಕಿನವಳು ಅಭಿನಂದನೆ ಹೇಳಿದಳು. ಮನೆಗೆ ಬಂದು ಕೋಟು ಕೂಡ ಬಿಚ್ಚದೆ ಅಡಿಗೆಮನೆಯಲ್ಲಿ ಕೂತೆ. ಹೊಸ ಕಟ್ಟಡ ನೋಡಿ, ಪಕ್ಕದ ಮನೆಯವರ ಮುಖವೂ ಗೊತ್ತಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ ಎಲ್ಲರೂ ಬಾಗಿಲನ್ನೇ ನೋಡುತ್ತಾರೆ. ಕಿಟಕಿ ಈಗ ಬೇಕಾದ ಹಾಗೆ ತೆರೆಯಬಹುದಿತ್ತು. ತೆರೆದಿಟ್ಟೆ, ಚಳಿಯಾಯಿತು, ಮುಚ್ಚಿದೆ, ಯಾರೂ ಏನೂ ಅನ್ನಲಿಲ್ಲ. ಎಷ್ಟೋ ದಿನ ನಿಲ್ದಾಣದಲ್ಲಿ ಆಡಿದ ಮಾತು ಬಿಟ್ಟರೆ ಬೇರೆ ಮಾತೇ ಇರಲಿಲ್ಲ. ಒಮ್ಮೆ ಮನೆಯಲ್ಲಿ ಬಾಯಿ ಬಿಟ್ಟು "ಮುಂದಿನವರು ಬನ್ನಿ" ಎಂದುಬಿಟ್ಟು ಬೆಚ್ಚಿದೆ. ನೆಲ ಒರೆಸುವಾಗ ಮಾತ್ರ ಆ ನೀಲಿ ಗೆರೆಯನ್ನು ಬಿಟ್ಟೇ ಒರೆಸಿದೆ.

ಪಿರೋತ್‌ಗೆ ಎರಡು ಸಲ ಫೋನು ಮಾಡಿದೆ. ದೇಸಾಂಕಾ ಎತ್ತಿದಳು. ಅಮ್ಮ ಮಲಗಿದ್ದಾರೆ ಎಂದಳು, ಎರಡು ಸಲವೂ.

ಸಂತ ಜಾರ್ಜರ ದಿನ ರಜೆ ಹಾಕಿದೆ. ಬೆಳಿಗ್ಗೆ ಇಗರ್ಜಿಗೆ ಹೋಗಿ ಹಬ್ಬದ ರೊಟ್ಟಿಗೆ ಪಾದ್ರಿಯ ಕೈಯಿಂದ ಆಶೀರ್ವಾದ ಮಾಡಿಸಿ ತಂದೆ. ಗೋಧಿ ಬೇಯಿಸಿ ಆಕ್ರೋಟ, ಸಕ್ಕರೆ ಬೆರೆಸಿದೆ. ಎಲೆಕೋಸಿನ ಎಲೆಯಲ್ಲಿ ಮಾಂಸ ಸುತ್ತಿ ಒಂದು ದೊಡ್ಡ ಪಾತ್ರೆ ತುಂಬ ಬೇಯಲು ಇಟ್ಟೆ. ಅತ್ತೆ ಕೊನೆಗೆ ಸುಲಿದುಹೋದ ಮೆಣಸಿನಕಾಯಿಯ ಐವಾರ್ ತೆರೆದೆ. ಗೋಡೆಯಲ್ಲಿ ಸಂತನ ಪಟ ಇತ್ತು. ಅದನ್ನು ಮುದುಕಿ ಕೊಂಡುಹೋಗಿರಲಿಲ್ಲ. ಅದರ ಕೆಳಗೆ ಉದ್ದನೆಯ ಮೇಣದ ದೀಪ ಹಚ್ಚಿದೆ. ಮೇಜಿನ ಸುತ್ತ ಆರು ಕುರ್ಚಿ ಹಾಕಿ, ಗೋಡೆಗೆ ಒರಗಿ ನಿಂತೆ.

ಹನ್ನೆರಡಾಯಿತು. ಯಾರೂ ಬರಲಿಲ್ಲ. ಹಳೇ ಬೀದಿಯವರಿಗೆ ಹೊಸ ವಿಳಾಸ ಗೊತ್ತಿಲ್ಲ, ಹೊಸಬರಿಗೆ ನಮ್ಮ ಸಂತ ಗೊತ್ತಿಲ್ಲ. ಒಂದಾಯಿತು. ನಿಂತು ನಿಂತು ನನ್ನ ಕಾಲೂ ಊದಿತು. ಅತ್ತೆ ಎಂಬತ್ತರಲ್ಲಿ ಹೇಗೆ ನಿಲ್ಲುತ್ತಿದ್ದರೋ ಎಂದುಕೊಂಡೆ.

ಆಗ ಕರೆಗಂಟೆ ಸದ್ದು ಮಾಡಿತು.

ಬಾಗಿಲಲ್ಲಿ ಅತ್ತೆ. ಬೀಗದ ಕೈ ಅವರ ಹತ್ತಿರವೇ ಇತ್ತು, ಆದರೂ ಗಂಟೆ ಒತ್ತಿದ್ದರು. ಸೂಟ್‌ಕೇಸು ಇರಲಿಲ್ಲ. ಕೈಯಲ್ಲಿ ಒಂದು ಬಣ್ಣದ ಚೀಲ, ಅದರಲ್ಲಿ ಒಂದು ಪೊಟ್ಟಣ ಕಾಫಿಪುಡಿ, ಒಂದು ಬಾಟಲಿ ವೈನ್. ಹಬ್ಬಕ್ಕೆ ಬರುವ ಹೊರಗಿನವರು ತರುವ ಹಾಗೆ.

"ಹಬ್ಬ ಶುಭವಾಗ್ಲಿ, ಮನೆಯೊಡತಿ" ಎಂದರು.

ಕೆನ್ನೆಗೆ ಹೊಡೆದ ಹಾಗಾಯಿತು. "ಬನ್ನಿ" ಎಂದೆ. ಮನೆಯೊಳಗೆ ಹಾಕಿಕೊಳ್ಳುವ ಅವರ ಹಳೇ ಚಪ್ಪಲಿ ಬಾಗಿಲ ಪಕ್ಕ ಬಿಟ್ಟಲ್ಲೇ ಇತ್ತು. ಅವರು ಅದನ್ನು ನೋಡಿಯೂ ನೋಡದವರ ಹಾಗೆ ಬಂದವರಿಗೆಂದು ಇಟ್ಟ ಚಪ್ಪಲಿ ಹಾಕಿಕೊಂಡರು. ಪಟದ ಮುಂದೆ ಶಿಲುಬೆ ಗುರುತು ಮಾಡಿ, ಒಂದು ಚಮಚ ಗೋಧಿ ಬಾಯಿಗೆ ಹಾಕಿಕೊಂಡು, ಬಾಗಿಲ ಹತ್ತಿರದ ಕುರ್ಚಿಯಲ್ಲಿ, ತುದಿಯಲ್ಲಿ, ಕೂತರು. ಕೂತರು! ಈ ದಿನ ಅವರು ಕೂತದ್ದನ್ನು ನಾನು ಜೀವಮಾನದಲ್ಲೇ ನೋಡಿರಲಿಲ್ಲ.

ನಾನು ತಟ್ಟೆ ತಂದಿಟ್ಟೆ. ನಿಂತೇ ಬಡಿಸಿದೆ.

"ಬಸ್ಸಲ್ಲಿ ಜನ ಇದ್ರಾ?"

"ಇದ್ರು."

"ದೇಸಾಂಕಾ ಹೇಗಿದಾಳೆ?"

"ಚೆನ್ನಾಗಿದಾಳೆ. ಸೋಫಾಗೆ ಹೊಸ ಬಟ್ಟೆ ಹೊಲಿಸಿದಾಳೆ." ಒಂದು ತುತ್ತು ತಿಂದು, "ಐದು ಗಂಟೆಗೆ ವಾಪಸ್ ಬಸ್ಸಿದೆಯಲ್ವಾ?" ಎಂದರು.

"ಟಿಕೆಟ್ ಮುಗೀತಲ್ಲ. ಬರೋದಕ್ಕೆ ಖರ್ಚಾಯ್ತು."

"ಇನ್ನೊಂದು ತಗೋತೀನಿ. ನಿನ್ನ ಕಿಟಕೀಲಲ್ಲ, ಹೆದರ್ಬೇಡ."

ಆ 'ನಿನ್ನ' ಕೇಳಿದ್ದೇ ನನ್ನ ಬಾಯಿಯ ಬೀಗ ಕಿತ್ತುಬಂತು. "ಅತ್ತೇ, ತೆರಿಗೆಗೆ ಬೇಡ ನೀವು. ಐವಾರ್‌ಗೂ ಬೇಡ, ಕಲ್ಲಿಗೂ ಬೇಡ. ನನಗೆ ಒಬ್ಬಳೇ ಇರೋಕಾಗ್ತಿಲ್ಲ. ಗೋಡೆ ಜೊತೆ ಮಾತಾಡ್ತಿದೀನಿ. ಯಾವ ಕಾರಣಾನೂ ಇಲ್ಲ, ಸುಮ್ನೆ ಇರಿ."

ಅವರು ತಟ್ಟೆಯನ್ನೇ ನೋಡುತ್ತಿದ್ದರು. "ಸುಮ್ನೆ ಹೇಗೆ ಇರೋದೇ ರಾಡುಂಕಾ?" ಎಂದರು. "ನನಗೆ ಅದು ಬರೋದೇ ಇಲ್ಲ. ಯಾರೂ ಹೇಳಿಕೊಡ್ಲಿಲ್ಲ."

ಅಷ್ಟರಲ್ಲಿ ದೀಪ ಬಾಗಿತು. ಎಲೆಕೋಸಿನ ಹಬೆಗೆಂದು ಅಡಿಗೆಮನೆಯ ಕಿಟಕಿ ತೆರೆದಿಟ್ಟಿದ್ದೆ. ಅತ್ತೆಯ ಹಿಂದೆ ಮುಂಬಾಗಿಲೂ ಓರೆಯಾಗಿಯೇ ಉಳಿದಿತ್ತು. ಗಾಳಿ ಸೆಳೆದು ದೀಪದ ಕುಡಿ ನೀಲಿಯಾಗಿ ಸಣ್ಣಗಾಯಿತು. ನಾನು ಇನ್ನೂ ನೋಡುತ್ತಿದ್ದೆ, ಮುದುಕಿ ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದರು.

"ಅಯ್ಯೋ ನಿನ್ನ ಮನೆ ಕಾಯ್ವಾಗ! ದೀಪ ಆರಿಹೋಗುತ್ತೆ ಕಣೇ! ಎಷ್ಟು ಸಲ ಬಡ್ಕೋಬೇಕು ಆ ಕಿಟಕಿ ಮುಚ್ಚು ಅಂತ!"

ಓಡಿದಾಗ ನೆಂಟರ ಚಪ್ಪಲಿ ಒಂದು ಕಾಲಿನಿಂದ ಕಳಚಿ ಮೇಜಿನ ಕೆಳಗೆ ಉಳಿಯಿತು. ನೀಲಿ ಗೆರೆ ದಾಟಿ ಕಿಟಕಿ ಧಡಾರನೆ ಮುಚ್ಚಿದರು. ನಾನು ಮುಂಬಾಗಿಲು ಮುಚ್ಚಿದೆ. ಕುಡಿ ನೆಟ್ಟಗಾಯಿತು. ಅತ್ತೆ ಏದುಸಿರು ಬಿಡುತ್ತ ಬಂದು ಕುರ್ಚಿ ಎತ್ತಿ ನಿಲ್ಲಿಸಿದರು, ಆದರೆ ಕೂರಲಿಲ್ಲ. ಅದರ ಬೆನ್ನು ಹಿಡಿದು ನಿಂತರು.

"ಕೂತ್ಕೊಳ್ಳಿ ಅತ್ತೇ, ಊಟ ಅರ್ಧಕ್ಕೇ ಬಿಟ್ರಿ."

"ನೆಂಟರು ಬಂದಾಗ ಹೇಳು ಅದನ್ನ" ಎಂದರು.

ಅವತ್ತು ಬೇರೆ ಯಾರೂ ಬರಲಿಲ್ಲ. ಆರು ಕುರ್ಚಿಯೂ ಖಾಲಿ ಇದ್ದವು, ನಾವಿಬ್ಬರೂ ದೀಪ ಆರುವ ತನಕ ನಿಂತೇ ಇದ್ದೆವು.